ಇಲ್ಲದ ಹನ್ನೊಂದು ಮಂದಿ

ಜುಲೈ 6, ಭಾನುವಾರ

ಗೆದ್ದು ಬಂದೆ. ಗೆದ್ದವಳ ಮುಖ ಹೇಗಿರುತ್ತದೆ ಅಂತ ಬಸ್ಸಿನ ಕಿಟಕಿ ಗಾಜಿನಲ್ಲಿ ನೋಡಿಕೊಳ್ಳಲು ಹೋದೆ. ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಹತ್ತು ವರ್ಷ ಬಿಟ್ಟು ಓದಿದರೂ ನನಗೆ ತಿಳಿಯಲಿ ಅಂತ ಮೊದಲಿಂದ ಬರೆಯುತ್ತೇನೆ. ನಾವು ಏಳು ಮಂದಿ ಸೇರಿ ಮೂರು ವರ್ಷದಿಂದ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೇವೆ. ಹೆಸರು ‘ಹಗರಿ’. ಆಜ್ಞೆಗಳೆಲ್ಲ ಕನ್ನಡದಲ್ಲಿ. ಇಂಗ್ಲಿಷ್ ಬಾರದವರೂ ತಮ್ಮ ಕೆಲಸಕ್ಕೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಮನ್ನು ಫೋನಿನಲ್ಲೇ ಬರೆದುಕೊಳ್ಳಲಿ ಅಂತ. ಈಗ ಅದಕ್ಕೊಂದು ಪ್ಯಾಕೇಜ್ ಮ್ಯಾನೇಜರ್ ಬೇಕಾಗಿದೆ, ಅದಕ್ಕೆ ‘ಗಂಟು’ ಅಂತ ಹೆಸರಿಟ್ಟಿದ್ದೇವೆ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರ ಪ್ರೋಗ್ರಾಮಿಗೆ ತಂದು ಜೋಡಿಸುವುದು ಅದರ ಕೆಲಸ. ಏನೇನು ತರಬೇಕು, ಯಾವ ಆವೃತ್ತಿ ತರಬೇಕು ಅಂತ ಒಂದು ಫೈಲಿನಲ್ಲಿ ಪಟ್ಟಿ ಬರೆದುಕೊಡಬೇಕು. ಆ ಪಟ್ಟಿಯನ್ನು ಯಾವ ರೀತಿ ಬರೆಯಬೇಕು ಅನ್ನುವುದೇ ಜಗಳ. ಆಗಸ್ಟ್ ಹತ್ತಕ್ಕೆ ಬಿಡುಗಡೆ. ಒಮ್ಮೆ ಬಿಡುಗಡೆ ಮಾಡಿದಮೇಲೆ ರೀತಿ ಬದಲಿಸುವಂತಿಲ್ಲ, ಬದಲಿಸಿದರೆ ಎಲ್ಲರ ಫೈಲೂ ಕೆಡುತ್ತದೆ.

ನಾನು ಹೇಳಿದ್ದು ಜೇಸನ್. ಬ್ರಾಕೆಟ್ಟು, ಉದ್ಧರಣ ಚಿಹ್ನೆ, ಅಲ್ಪವಿರಾಮ ಎಲ್ಲ ಇರುವಂಥದ್ದು. ಜಗತ್ತೆಲ್ಲ ಬಳಸುತ್ತದೆ. ಅರ್ಚನಾ ತಂದದ್ದು ಅವಳದೇ ಒಂದು ರೀತಿ. ಒಂದು ಸಾಲಿಗೆ ಒಂದು ಮಾತು, ನಡುವೆ ಸಮ ಚಿಹ್ನೆ, ಅಷ್ಟೇ. ಹದಿನಾಲ್ಕು ಪುಟದ ಟಿಪ್ಪಣಿ, ಎಂಟು ತಿಂಗಳ ಕೆಲಸವಂತೆ. ಆರು ವರ್ಷದ ಹಿಂದೆ ಕೊಟ್ಟೂರಿನಲ್ಲಿ ನಾನು ಪಾಠ ಹೇಳುತ್ತಿದ್ದ ಡಿಪ್ಲೊಮಾ ಕ್ಲಾಸಿನ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಈಗ ಕೂಡ್ಲಿಗಿಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ರಿಪೋರ್ಟು ಟೈಪ್ ಮಾಡುತ್ತಾಳೆ. ಅವಳು ಮಾತಾಡುತ್ತಿದ್ದರೆ ಎಲ್ಲರೂ ತಲೆದೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಅವಳಿಗೆ ಕಂಪ್ಯೂಟರ್ ಆನ್ ಮಾಡಲು ಕಲಿಸಿದ್ದೇ ನಾನು.

ನಮ್ಮ ಮುಂದಾಳು ಗವಿಸಿದ್ದೇಶ. ಸಭೆ ಅವನ ಡಿಟಿಪಿ ಅಂಗಡಿಯ ಮಹಡಿಯ ಮೇಲೆಯೇ ನಡೆಯುವುದು. ಅವನು ಕೇಳಿದ: “ಎರಡೂ ಚಂದ ಅದಾವು. ಆದ್ರ ನಮ್ಮ ಮಂದಿ ಕೈಲಿ ಯಾರರ ಬರಿಸಿ ನೋಡೀರೇನು?”

“ಇನ್ನೂ ಇಲ್ರಿ ಸರ್,” ಅಂದಳು ಅರ್ಚನಾ.

“ನಾ ಬರಿಸೀನಿ,” ಅಂದೆ ನಾನು. “ಹನ್ನೊಂದು ಮಂದಿ ಕೈಲಿ. ನಂದು ಬರದ್ರು. ಅರ್ಚನಾಂದು ಒಬ್ರಿಗೂ ಸರಿಯಾಗಿ ಬರಿಯಾಕ ಆಗ್ಲಿಲ್ಲ.”

ಹತ್ತು ಅಂದಿದ್ದರೆ ಬಾಯಿಗೆ ಬಂದದ್ದು ಅನ್ನಿಸುತ್ತಿತ್ತು. ಹನ್ನೊಂದು ಅಂದರೆ ಎಣಿಸಿದ ಹಾಗಿರುತ್ತದೆ. ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಸುಳ್ಳು ಹೇಳಲು ನನಗೆ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಒಬ್ಬರ ಕೈಲೂ ಬರೆಸಿಲ್ಲ.

ಅರ್ಚನಾ ಲ್ಯಾಪ್‌ಟಾಪ್ ಮುಚ್ಚಿದಳು. “ಮೇಡಂ ನೋಡ್ಯಾರ ಅಂದ್ರ ಮುಗೀತು ಬಿಡ್ರಿ,” ಅಂದಳು. ಜೇಸನ್ ಅಂತ ತೀರ್ಮಾನವಾಯಿತು. ನಾನು ಮೆಟ್ಟಿಲಿಳಿಯುವಾಗ ಗವಿಸಿದ್ದೇಶ ಕೂಗಿ ಹೇಳಿದ: “ಆ ಹನ್ನೊಂದು ಹಾಳಿ ಕಳಸ್ರಿ ಮೇಡಂ, ದಾಖಲೆಗೆ ಇರ್ಲಿ.”

ಜುಲೈ 7, ಸೋಮವಾರ

ಸುಳ್ಳಾದರೇನು, ತೀರ್ಮಾನ ಸರಿಯಿದೆ. ಎಲ್ಲಿ ಹೋದರೂ ನಡೆಯುವುದು ಜೇಸನ್ನೇ. ಆ ಹುಡುಗಿಯ ರೀತಿ ಆಟದ ಸಾಮಾನು. ನಾನು ಹೇಳದಿದ್ದರೆ ಇನ್ನೂ ಎರಡು ತಿಂಗಳು ಚರ್ಚೆಯಲ್ಲೇ ಹೋಗುತ್ತಿತ್ತು. ಇದನ್ನು ನಾನು ಯಾರಿಗೆ ಹೇಳುತ್ತಿದ್ದೇನೋ.

ಜುಲೈ 9, ಬುಧವಾರ

ಆ ಹುಡುಗಿ ಫೋನ್ ಮಾಡಿದ್ದಳು. ಜಗಳಕ್ಕೆ ಅಂದುಕೊಂಡು ಸೆರಗು ಬಿಗಿದು ನಿಂತೆ. ಜಗಳಕ್ಕಲ್ಲ.

“ಮೇಡಂ, ಅವರು ಎಲ್ಲೆಲ್ಲಿ ತಪ್ಪಿದ್ರು ಅಂತ ಹೇಳ್ತೀರೇನ್ರಿ? ಕಲಿಯಾಕ ಕೇಳಾಕತ್ತೀನಿ.”

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಉಜ್ಜಿನಿಯ ಒಬ್ಬಾಕಿ ಸಮ ಚಿಹ್ನೆಯನ್ನು ಎರಡು ಗೆರೆ ಅಂದುಕೊಂಡು ಇಡೀ ಸಾಲಿಗೆ ಅಡಿಗೆರೆ ಎಳೆದಳು ಅಂದೆ. ಇನ್ನೊಬ್ಬರು ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದರು ಅಂದೆ. ಆಚೆಯಿಂದ ಪೆನ್ನು ಓಡುವ ಸದ್ದು ಕೇಳುತ್ತಿತ್ತು. “ಬರಕೊಂಡೆ ಮೇಡಂ, ಭಾಳ ಉಪಕಾರ ಆತು,” ಅಂದಳು. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಜುಲೈ 11, ಶುಕ್ರವಾರ

ಗವಿಸಿದ್ದೇಶ ಎರಡು ಸಲ ಹಾಳೆ ಕೇಳಿದ. ಇವತ್ತು ಕಾಲೇಜಿನಿಂದ ಬಂದು ಮಾಡಿದ ಕೆಲಸವನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಹನ್ನೊಂದು ಹಾಳೆ ಹರಡಿಕೊಂಡೆ, ನಾಲ್ಕು ಬಣ್ಣದ ಪೆನ್ನು ಇಟ್ಟುಕೊಂಡೆ. ಅಕ್ಷರ ಬೇರೆಯಾಗಿ ಕಾಣಲಿ ಅಂತ ಎಡಗೈಯಲ್ಲಿ ಬರೆಯಲು ಕೂತೆ. ನಲವತ್ತೇಳು ವರ್ಷದ ಹೆಂಗಸು, ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು, ನಾಲಿಗೆ ಕಚ್ಚಿಕೊಂಡು ಎಡಗೈಯಲ್ಲಿ ತಪ್ಪು ಬರೆಯುತ್ತಿದ್ದೆ.

ಮೂರನೇ ಹಾಳೆಗೆ ಬರುವಷ್ಟರಲ್ಲಿ ನಮ್ಮ ಮನೆಯವರು ಅಂಗಡಿಯಿಂದ ಬಂದರು. “ಲೇ ಗಂಗಾ, ಕೈಗೇನಾತು?”

“ಬಲಗೈ ನೋಯಾಕತ್ತೈತ್ರಿ,” ಅಂದೆ.

ಚೀಲ ಕೆಳಗಿಟ್ಟು ಒಳಗೆ ಹೋಗಿ ಬಾಮು ತಂದರು. ಎದುರಿಗೆ ಕೂತು ಮಣಿಕಟ್ಟಿನಿಂದ ಮೊಣಕೈವರೆಗೆ ತಿಕ್ಕಿದರು. “ಭಾಳ ದುಡೀತಿ ನೀನು,” ಅಂದರು. ಗುರುಸಂಗಪ್ಪನವರು ಮದುವೆಯಾದಾಗಿನಿಂದ ನನ್ನನ್ನು ಇಷ್ಟು ಹೊಗಳಿದ್ದು ಇದೇ ಮೊದಲು. ಬಾಮಿನ ನೆವದಲ್ಲಿ ಅತ್ತೆ.

ಅವರು ಮುಖ ತೊಳೆಯಲು ಹೋದಮೇಲೆ ಮೂರೂ ಹಾಳೆ ಹರಿದು ಹಾಕಿದೆ.

ಜುಲೈ 13, ಭಾನುವಾರ

ಒಂದೇ ದಾರಿ ಉಳಿದಿತ್ತು. ಈಗ ನಿಜವಾಗಿ ಹನ್ನೊಂದು ಮಂದಿ ಕೈಲಿ ಬರೆಸಿಬಿಡುವುದು, ತಾರೀಖು ಹಾಕದೆ ಹಾಳೆ ಕೊಟ್ಟುಬಿಡುವುದು. ಹೇಗಿದ್ದರೂ ಫಲಿತಾಂಶ ನಾನು ಹೇಳಿದ ಹಾಗೇ ಬರುತ್ತದೆ, ಸುಳ್ಳು ತಾನಾಗಿ ನಿಜವಾಗುತ್ತದೆ ಅಂತ ಲೆಕ್ಕ ಹಾಕಿ ತಂಬ್ರಹಳ್ಳಿ ಬಸ್ಸು ಹತ್ತಿದೆ.

ಅಲ್ಲಿ ರೇಣುಕಾ ಅಂತ ಒಬ್ಬಳಿದ್ದಾಳೆ. ನಮ್ಮ ಭಾಷೆಯನ್ನು ಫೋನಿನಲ್ಲೇ ಕಲಿತು, ಮನೆಯ ಕುರಿಗಳಿಗೆ ಯಾವಾಗ ಲಸಿಕೆ ಅಂತ ನೆನಪಿಸುವ ಪ್ರೋಗ್ರಾಮು ಮಾಡಿಕೊಂಡಿದ್ದಾಳೆ. ಎರಡೂ ರೀತಿಯ ಮಾದರಿ ತೋರಿಸಿ, ನಿನ್ನ ಪ್ರೋಗ್ರಾಮಿಗೆ ಏನೇನು ಬೇಕೋ ಅದರ ಪಟ್ಟಿ ಬರಿಯಮ್ಮ ಅಂದೆ. ಫೋನು ಹಿಡಿದುಕೊಂಡು ಮೊದಲ ಸಾಲು ಬರೆದಳು:

ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಆಮೇಲೆ ಬ್ರಾಕೆಟ್ಟು. ಜೇಸನ್ ಅಲ್ಲೇ ಬಿದ್ದುಹೋಯಿತು. ಮೊದಲ ಅಕ್ಷರ ಬ್ರಾಕೆಟ್ಟೇ ಆಗಬೇಕು ಅದಕ್ಕೆ. ಬೇರೆ ಮಾತು ಬರೆದಿಡಲು ಅದರಲ್ಲಿ ಎಲ್ಲೂ ಜಾಗವಿಲ್ಲ.

“ಅದನ್ನ ಅಲ್ಲಿ ಬರೀಬಾರದವ್ವ,” ಅಂದೆ.

“ಯಾಕ್ರಿ ಮೇಡಂ?”

“ಯಂತ್ರಕ್ಕ ಅದು ತಿಳಿಯಂಗಿಲ್ಲ.”

“ಅದನ್ನ ಯಂತ್ರಕ್ಕಂತ ಯಾರು ಬರೀತಾರ್ರಿ?” ಅಂದು ನಕ್ಕಳು. “ಕಿರಾಣಿ ಚೀಟಿ ಬರದ್ರೂ ಮ್ಯಾಲ ಒಂದ್ ಸಾಲು ಬರೀತೀವಲ್ರಿ. ಇಲ್ಲಾಂದ್ರ ಬೋಳು ಕಾಣ್ತೈತಿ.”

ಅರ್ಚನಾಳ ರೀತಿಯಲ್ಲೂ ಹಾಗೇ ದೇವರಿಂದಲೇ ಶುರು ಮಾಡಿದಳು. ಪಟ್ಟಿ ಓದಲು ಅರ್ಚನಾ ಬರೆದಿದ್ದ ಪ್ರೋಗ್ರಾಮು ಅದನ್ನು ಸುಮ್ಮನೆ ಓದಿಕೊಂಡು ಹೋಯಿತು, ಒಂದು ತಪ್ಪಿಲ್ಲ. ಯಾಕೆ ಅಂತ ನನಗೆ ಹೊಳೆಯಲಿಲ್ಲ. ರೊಟ್ಟಿ, ಪುಂಡಿಪಲ್ಲೆ ಹಾಕಿದರು. ಉಣ್ಣುವಾಗಲೂ ಅದೇ ಯೋಚನೆ.

ಜುಲೈ 14, ಸೋಮವಾರ

ಅರ್ಚನಾಳ ಟಿಪ್ಪಣಿಯನ್ನು ಇವತ್ತು ಪೂರ್ತಿ ಓದಿದೆ. ಸಭೆಗೆ ಹೋಗುವ ಮುಂಚೆ ಮೂರು ಪುಟ ಓದಿ ಬಿಟ್ಟಿದ್ದೆ. ಒಂಬತ್ತನೇ ಪುಟದಲ್ಲಿ ಹೀಗಿದೆ: “ಮೊದಲ ಸಾಲಿನಲ್ಲಿ ಸಮ ಚಿಹ್ನೆ ಇಲ್ಲದಿದ್ದರೆ ಆ ಸಾಲನ್ನು ಮುಟ್ಟದೆ ಬಿಡಬೇಕು. ನಮ್ಮ ಕಡೆ ಏನೇ ಬರೆದರೂ ದೇವರ ಹೆಸರಿನಿಂದ ಶುರು ಮಾಡುತ್ತಾರೆ. ನಮ್ಮ ಗಂಗಾಂಬಿಕಾ ಮೇಡಂ ಕೋಡು ಬರೆಸುವಾಗಲೂ ಬೋರ್ಡಿನ ನೆತ್ತಿಯ ಮೇಲೆ ‘ಶ್ರೀ’ ಬರೆದೇ ಶುರು ಮಾಡುತ್ತಿದ್ದರು. ಅದನ್ನು ನೋಡಿಯೇ ಈ ನಿಯಮ ಹೊಳೆದದ್ದು.”

ಪುಟ ಮಗುಚಿ ಇಟ್ಟೆ. ಇವತ್ತು ಇಷ್ಟೇ.

ಜುಲೈ 20, ಭಾನುವಾರ

ಉಜ್ಜಿನಿ, ಅಲ್ಲಿಂದ ಹಿಂದಕ್ಕೆ ಕೊಟ್ಟೂರು, ಮತ್ತೆ ಇಟ್ಟಿಗಿ. ಬಸ್ಸುಗಳಲ್ಲೇ ದಿನ ಹೋಯಿತು.

ಉಜ್ಜಿನಿಯಲ್ಲಿ ಅಜ್ಜಯ್ಯನವರು ಹಾಲಿನ ಸಂಘದ ಕಾರ್ಯದರ್ಶಿ, ಅರವತ್ತು ದಾಟಿದೆ. ಮೊದಲ ಸಾಲು “ಶ್ರೀ ಮರುಳಸಿದ್ಧೇಶ್ವರ ಪ್ರಸನ್ನ”. ಜೇಸನ್ ಬರೆಯುವಾಗ ಅಲ್ಪವಿರಾಮಕ್ಕೆ ಬಂದು ನಿಂತರು.

“ಮ್ಯಾಲಿನ ಸಾಲಿಗೆ ಬೇಕು, ಕಡೀ ಸಾಲಿಗೆ ಬ್ಯಾಡ ಅಂತೀರಿ. ನಾಳಿ ಅದರ ಕೆಳಗೊಂದು ಸಾಲು ಸೇರ್ಸಿದ್ರ?”

“ಆಗ ಮೊದಲಿನ ಕಡೀ ಸಾಲಿಗೂ ಹಾಕ್ಬೇಕ್ರಿ.”

“ಅಂದ್ರ ಒಂದು ಸೇರ್ಸಾಕ ಎರಡು ತಿದ್ದಬೇಕು. ಇದನ್ನ ಯಾರು ಮಾಡ್ಯಾರ್ರಿ?”

ಆ ಮನುಷ್ಯ ತನ್ನ ಹಳೆಯ ವಹಿಗಳನ್ನು ತೆಗೆದು ತೋರಿಸಿದರು. ಮೂವತ್ತು ವರ್ಷದ ಹಾಲಿನ ಲೆಕ್ಕ, ಎಲ್ಲಾ ಕಡೆ ಎಡಕ್ಕೆ ಹೆಸರು, ನಡುವೆ ಎರಡು ಸಣ್ಣ ಗೆರೆ, ಬಲಕ್ಕೆ ಅಂಕಿ. ಸಮ ಚಿಹ್ನೆ ಅಂತ ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ.

ಇಟ್ಟಿಗಿಯಲ್ಲಿ ಭರಮಮ್ಮ. “ಶ್ರೀ ಮೈಲಾರಲಿಂಗ ಪ್ರಸನ್ನ” ಅಂತ ಬರೆದು ಮುಗಿಸಿ, “ಇನ್ನೇನ್ ಬರೀಲವ್ವ?” ಅಂದಳು. ಮಗಳ ಫೋನು, ಮಗಳ ಪ್ರೋಗ್ರಾಮು, ಬರೆಯುವ ಹುಮ್ಮಸ್ಸು ಮಾತ್ರ ತಾಯಿಯದು. ಅವಳು ಬರೆದ ಉದ್ಧರಣ ಚಿಹ್ನೆಗಳನ್ನು ಫೋನೇ ಬಾಗಿಸಿಬಿಟ್ಟಿತ್ತು, ಜೇಸನ್ ನೆಟ್ಟಗಿರುವ ಚಿಹ್ನೆಯನ್ನಷ್ಟೇ ಒಪ್ಪುತ್ತದೆ. ತನ್ನದೇ ತಪ್ಪು ಅಂದುಕೊಂಡು ಮೂರು ಸಲ ಅಳಿಸಿ ಬರೆದಳು. ನಾಲ್ಕನೇ ಸಲಕ್ಕೆ ನಾನೇ ಕೈ ಹಿಡಿದು, ಸಾಕು ಬಿಡವ್ವ, ತಪ್ಪು ನಿಂದಲ್ಲ ಅಂದೆ. ಅರ್ಚನಾಳ ರೀತಿಯಲ್ಲಿ ಉದ್ಧರಣ ಚಿಹ್ನೆಯೇ ಇಲ್ಲ.

ಭರಮಮ್ಮ ನಾನು ಹೊರಡುವಾಗ ಒಂದು ಮಾತು ಕೇಳಿದಳು. ಈ ಪಟ್ಟಿ ಬರೆಯುವುದನ್ನು ಕಲಿತರೆ ಮಗಳಿಗೆ ಬೇರೆಯವರ ಪ್ರೋಗ್ರಾಮೂ ಸಿಗುತ್ತದೆಯಾ ಅಂತ. ಸಿಗುತ್ತದೆ ಅಂದೆ. ಕೂತು ಇನ್ನೊಂದು ತಾಸು ಇಬ್ಬರಿಗೂ ಹೇಳಿಕೊಟ್ಟೆ. ಬಸ್ಸು ತಪ್ಪಿತು, ಮುಂದಿನದಕ್ಕೆ ಬಂದೆ.

ಜುಲೈ 24, ಗುರುವಾರ

ಅರ್ಚನಾ ಫೋನ್ ಮಾಡಿದ್ದಳು. ಜೇಸನ್ ಓದುವ ಭಾಗವನ್ನು ಬರೆಯುತ್ತಿರುವುದು ಅವಳೇ. ತನ್ನದನ್ನೆಲ್ಲ ತೆಗೆದುಹಾಕಿ, ನನ್ನದನ್ನು ಕೂರಿಸುತ್ತಿದ್ದಾಳೆ. ಲ್ಯಾಬಿನ ಕೆಲಸ ಮುಗಿಸಿ ದಿನಾ ಎರಡು ತಾಸು.

ಮಾತಿನ ನಡುವೆ ಸಹಜವಾಗಿ ಹೇಳಿದಳು: “ಹಡಗಲಿಯಾಗ ಹೆಣ್ಮಕ್ಕಳಿಗೆ ಕಂಪ್ಯೂಟರ್ ಕಲ್ಸೋ ಕೆಲ್ಸ ಬಂದಿತ್ರಿ ಮೇಡಂ. ಆಗಸ್ಟ್ ಏಳರೊಳಗ ಒಪ್ಪಿಗಿ ಹೇಳ್ಬೇಕಂತ. ನಾ ಒಲ್ಲೆ ಅನ್ನೋಳದೀನಿ.”

“ಯಾಕ? ಅದ ನೀ ಬೇಕಂತಿದ್ದ ಕೆಲ್ಸ ಅಲ್ಲೇನು?”

“ಮಂದಿಗೆ ಯಾವ್ದು ಸರಳ, ಯಾವ್ದು ಕಠಿಣ ಅನ್ನೋದ ನನಗ ತಿಳಿಯಂಗಿಲ್ಲ ಅಂತ ಗೊತ್ತಾತಲ್ರಿ. ಹನ್ನೊಂದ್ರಾಗ ಒಬ್ರಿಗೂ ಬರ್ಲಿಲ್ಲ. ಅಂಥಾಕಿ ಏನ್ ಕಲ್ಸಲಿ?”

ಅಯ್ಯೋ ಶಿವನೆ. “ಹಂಗನ್ಬ್ಯಾಡವ್ವ” ಅಂತ ಮಾತ್ರ ಅಂದೆ. ಅಷ್ಟು ಸಾಲದು ಅಂತ ಗೊತ್ತಿದ್ದೂ ಅಷ್ಟೇ ಅಂದೆ.

ಜುಲೈ 27, ಭಾನುವಾರ

ಕೊಟ್ಟೂರಿನ ಮೂವರು, ಕೂಡ್ಲಿಗಿ ಕಡೆಯ ಇಬ್ಬರು, ಹರಪನಹಳ್ಳಿಯ ಮೂವರು ಸೇರಿ ಹನ್ನೊಂದು ಆಯಿತು. ಅರ್ಚನಾಳ ರೀತಿ: ಒಂಬತ್ತು ಮಂದಿ ಸರಿ. ಜೇಸನ್: ಇಬ್ಬರು. ಆ ಇಬ್ಬರಲ್ಲಿ ಒಬ್ಬಳು ಇಂಜಿನಿಯರಿಂಗ್ ಓದುತ್ತಿರುವವಳು.

ಹರಪನಹಳ್ಳಿಯ ಯಶೋಧಾ ಅನ್ನುವವರು ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಗಿರಾಕಿಗಳ ಅಳತೆ ನೆನಪಿಡುವ ಪ್ರೋಗ್ರಾಮು ಮಾಡಿಕೊಂಡಿದ್ದಾರೆ, ಎಷ್ಟು ಚೆನ್ನಾಗಿದೆ! ತೋಳಿನ ಅಳತೆ ಬದಲಾದರೆ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಇಡುತ್ತದೆ. ಅದನ್ನೇ ನೋಡುತ್ತಾ ಕೂತು ಹೋದ ಕೆಲಸ ಮರೆತಿದ್ದೆ. ಇದನ್ನು ಎಲ್ಲರಿಗೂ ಸಿಗುವ ಹಾಗೆ ಮಾಡಬೇಕು.

ಆಗಸ್ಟ್ 3, ಭಾನುವಾರ

ಎಲ್ಲವನ್ನೂ ಹೇಳಬೇಕು ಅಂತಲೇ ಸಭೆಗೆ ಹೋದೆ. ಮೆಟ್ಟಿಲು ಹತ್ತುವಾಗ ಮಾತು ಜೋಡಿಸಿಕೊಂಡಿದ್ದೆ. ಎಲ್ಲರ ಮುಖ ನೋಡುತ್ತಲೇ ಬೇರೆ ಮಾತು ಬಂತು.

“ಮೊದಲ್ನೇ ಪರೀಕ್ಷಾದ ಮ್ಯಾಲೆ ನನಗ ಸಂಶಯ ಬಂತು. ಎರಡನೇ ಸಲ ಬ್ಯಾರೆ ಹನ್ನೊಂದು ಮಂದಿ ಕೈಲಿ ಬರಿಸಿದೆ. ಈ ಸಲ ಗೆದ್ದದ್ದು ಅರ್ಚನಾಂದು.”

ಅವರು ಫೋನಿನಲ್ಲಿ ಬರೆದದ್ದನ್ನು ಅಚ್ಚು ಹಾಕಿಸಿದ ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಇವು ನಿಜವಾದ ಹಾಳೆಗಳು. ಗವಿಸಿದ್ದೇಶ ಒಂದೊಂದಾಗಿ ನೋಡಿ ತಲೆ ಎತ್ತಿದ. “ತಮ್ಮದ ಸೋಲೋದನ್ನ ತಾವ ತಂದಿಡೋರು ಎಷ್ಟ್ ಮಂದಿ ಸಿಗ್ತಾರ್ರಿ?” ಅಂದ. ಚಪ್ಪಾಳೆ ಹೊಡೆದರು. ಜೇಸನ್ ಬಿಟ್ಟು ಅರ್ಚನಾಳ ರೀತಿಯನ್ನೇ ತೆಗೆದುಕೊಳ್ಳುವುದು ಅಂತಾಯಿತು. ಕೆಲಸವೇನೋ ನೆಟ್ಟಗಾಯಿತು, ಸುಳ್ಳು ಹಾಗೇ ಉಳಿಯಿತು, ಮೇಲೆ ಸತ್ಯವಂತೆ ಅನ್ನುವ ಹೆಸರೂ ಬಂತು. ಇಷ್ಟು ನಾಚಿಕೆ ಜುಲೈ ಆರರಂದೂ ಆಗಿರಲಿಲ್ಲ.

ಅರ್ಚನಾ ಚಪ್ಪಾಳೆ ಹೊಡೆಯಲಿಲ್ಲ, ಹಾಳೆಗಳನ್ನೇ ನೋಡುತ್ತಿದ್ದಳು. ಎಲ್ಲರೂ ಚಹಾಕ್ಕೆ ಎದ್ದಾಗ ಹತ್ತಿರ ಬಂದಳು.

“ಮೇಡಂ, ಮೊದಲ ಬರದ ಹನ್ನೊಂದು ಮಂದಿ ಹೆಸರು ಕೊಡ್ರಿ. ಇವರಿಗೆ ಬಂದೈತಿ, ಅವರಿಗೆ ಬರ್ಲಿಲ್ಲ. ಅಂದ್ರ ನನ್ನದ್ರಾಗ ಎಲ್ಲೋ ದೋಷ ಉಳದೈತಿ. ನಾನ ಅವರ ಮನಿಗೋಗಿ ಕೇಳ್ತೀನಿ. ಅದು ತಿಳಿಯೋತನ ಹಡಗಲಿಗೆ ಹೂಂ ಅನ್ನಂಗಿಲ್ಲ.”

ಹುಡುಕಿ ಕೊಡುತ್ತೇನೆ ಅಂದೆ.

ಆಗಸ್ಟ್ 4, ಸೋಮವಾರ

ಹಾಳೆ ಕಳೆದುಹೋದವು ಅನ್ನಬಹುದು. ಹೆಸರು ಬರೆದುಕೊಂಡಿಲ್ಲ ಅನ್ನಬಹುದು. ತೀರಿಕೊಂಡವರ ಹೆಸರು ಕೊಡಲೇ ಅಂತಲೂ ಒಂದು ಗಳಿಗೆ ಯೋಚಿಸಿದೆ, ಥೂ! ಅವಳು ಆ ಮನೆಗಳಿಗೂ ಹೋಗಿ ಬಾಗಿಲಲ್ಲಿ ನಿಲ್ಲುತ್ತಾಳೆ.

ಆಗಸ್ಟ್ 5, ಮಂಗಳವಾರ

ಇವರಿಗೆ ಹೇಳಿದೆ. ಬಾಮಿನ ವಿಷಯವನ್ನೂ ಸೇರಿಸಿ. “ನಾಳಿ ರಜಾ ಹಾಕು,” ಅಂದರು. ಅಷ್ಟೇ.

ಆಗಸ್ಟ್ 6, ಬುಧವಾರ

ಮಧ್ಯಾಹ್ನ ಕೂಡ್ಲಿಗಿಗೆ ಹೋದೆ. ಊಟದ ಹೊತ್ತು, ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಅರ್ಚನಾ ಡಬ್ಬಿ ಬಿಚ್ಚುತ್ತಿದ್ದಳು. “ಅಯ್ಯ, ಮೇಡಂ! ಬರ್ರಿ, ಉಣ್ಣೋಣು ಬರ್ರಿ,” ಅಂದು ಕುರ್ಚಿ ಒರೆಸಿದಳು. ನಾನು ಕೂರಲಿಲ್ಲ. ಕೂತರೆ ಬೇರೆ ಮಾತು ಬರುತ್ತದೆ ಅಂತ ಗೊತ್ತಿತ್ತು.

“ಆ ಹನ್ನೊಂದು ಮಂದಿ ಇಲ್ಲವ್ವ.”

“ಊರಾಗ ಇಲ್ಲೇನ್ರಿ?”

“ಎಲ್ಲೂ ಇಲ್ಲ. ಒಬ್ರ ಕೈಲೂ ಬರಿಸಿರ್ಲಿಲ್ಲ. ನಿನ್ನದ ಮ್ಯಾಲಾಗ್ತದಂತ ಹೊಟ್ಟಿ ಉರದು ಸುಳ್ಳು ಹೇಳಿದೆ. ಫೋನಿನ್ಯಾಗ ನೀ ಬರಕೊಂಡೆಲ್ಲ, ಅದೂ ಸುಳ್ಳು. ಭಾನುವಾರ ಎರಡನೇ ಸಲ ಅಂದೆ, ಅದೂ ಸುಳ್ಳು. ಮೊದಲ್ನೇದ ಅದು.”

ಅವಳು ಡಬ್ಬಿಯ ಮುಚ್ಚಳವನ್ನು ತಿರುಗಿ ಹಾಕಿದಳು. ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಬೈಯುತ್ತಾಳೆ ಅಂತ ಕಾದೆ, ಬೈದಿದ್ದರೆ ಹಗುರಾಗುತ್ತಿದ್ದೆ.

“ಒಂದು ತಿಂಗ್ಳು,” ಅಂದಳು. “ಒಂದು ತಿಂಗ್ಳು ನಾ ನನ್ನ ತಲೀಗೆ ಏನೂ ತಿಳಿಯಂಗಿಲ್ಲ ಅನಕೊಂಡು ಅಡ್ಡಾಡೀನಿ. ನಮ್ಮವ್ವ ಏನಾತ ಅಂದ್ರೂ ಹೇಳಿಲ್ಲ.”

“ತಪ್ಪಾತು.”

“ಇದನ್ನ ಹೇಳಾಕ ಬಂದ್ರೇನು? ಇಲ್ಲಾ ನನ್ನ ಕಡಿಂದ ‘ಇರ್ಲಿ ಬಿಡ್ರಿ’ ಅನಿಸ್ಕೊಳ್ಳಾಕ ಬಂದ್ರೇನು?”

ಎರಡಕ್ಕೂ ಬಂದಿದ್ದೆ. ಹಾಗೇ ಹೇಳಿದೆ.

“ಹಂಗಂದ್ರ ಒಂದು ಆತು,” ಅಂದಳು. “ಇನ್ನೊಂದು ಇವತ್ತು ಆಗಂಗಿಲ್ಲ.”

ನಾನು ಅಲ್ಲಿ ನಿಂತಿರುವಾಗಲೇ ಹಡಗಲಿಗೆ ಫೋನ್ ಹಚ್ಚಿದಳು. “ಬರ್ತೀನ್ರಿ,” ಅಂದಳು. “ಹೌದ್ರಿ, ಕಲ್ಸಾಕ ಬರ್ತೈತ್ರಿ ನನಗ.” ಆ ಕಡೆಯವರು ಏನೋ ಕೇಳಿದ್ದಕ್ಕೆ ನಗುತ್ತಾ ಉತ್ತರಿಸಿದಳು. ಫೋನಿಟ್ಟ ಮೇಲೆ ನನ್ನ ಕಡೆ ನೋಡಲಿಲ್ಲ. ಹೊರಗೆ ಯಾರೋ ರಿಪೋರ್ಟಿಗೆ ಬಂದರು, ಎದ್ದು ಹೋದಳು.

ಬಸ್ಸಿನಲ್ಲಿ ಕೂತು ಫೋನಿನಲ್ಲಿ ನಮ್ಮ ಏಳು ಮಂದಿಯ ಗುಂಪಿಗೆ ಎಲ್ಲವನ್ನೂ ಬರೆದೆ. ನೆವ ಹೇಳುವ ಸಾಲುಗಳನ್ನು ತೆಗೆದಮೇಲೆ ಉಳಿದದ್ದು ಐದೇ ಸಾಲು. ಹಗರಿಯ ದಾಖಲೆಯಲ್ಲಿ ಭಾನುವಾರದ ಸಭೆಯ ಕೆಳಗೆ ನನ್ನನ್ನು ಹೊಗಳಿ ಬರೆದದ್ದನ್ನು ತೆಗೆಯಿರಿ ಅನ್ನುವುದು ಕೊನೆಯ ಸಾಲು. ಕೊಟ್ಟೂರು ಬರುವ ಮೊದಲೇ ಕಳಿಸಿದೆ.

ಆರೂ ಮಂದಿ ನೋಡಿದ ಗುರುತು ಬಂದಿದೆ. ಯಾರೂ ಏನೂ ಬರೆದಿಲ್ಲ. ಬೇಕಾದರೆ ಈಗಲೂ ಅಳಿಸಬಹುದು ಅಂತ ಫೋನು ತೋರಿಸುತ್ತಿದೆ. ಅಳಿಸಿಲ್ಲ.